ಏರು, ಎರಕ

ಉದ್ಯಮಬಾಗದಾಗ ಮರಳಿಗೂ ಬರಿಯಾಕ ಬರತೈತಿ,
ಆದರ ಉಲ್ಟಾ.
ಪಂಪಿನ ಅಚ್ಚಿನೊಳಗ ದೇಶದ ಹೆಸರು
ಗ್ವಾಡಿ ಕಡೆ ಮುಖ ಮಾಡಿ ಮಲಗಿದವರಂಗ ಮಲಗಿರತೈತಿ.
ಒಡಿಶಾದ ಬಿರಂಚಿ, ಅಕ್ಷರ ಕಲೀದಾಂವ,
ಮೆತ್ತನ ಕುಂಚದಲೆ ಒಂದೊಂದ ಗೆರಿಯಾಗಿನ ಹುಡಿ ತೆಗಿತಾನ,
ಕೂಸಿನ ಕಿವಿ ಒರಿಸಿದಂಗ.
"ಇದೇನು ಗೊತ್ತೈತೇನೋ?" ಅಂದೆ ಒಮ್ಮೆ.
"ಊರ ಹೆಸರು" ಅಂದ.
ನಾ ತಿದ್ದಲಿಲ್ಲ.

ಇವತ್ತ ಭಟ್ಟಿಗಿ ಬಂದ ಗುಜರಿಯಾಗ
ಒಂದು ಹಳೇ ತೂಕದ ಕಲ್ಲು, ಮ್ಯಾಲ ಕಿರೀಟದ ಗುರುತು.
ಕ್ಯಾಂಪಿನ ಯಾವುದೋ ಮುರಕ ಗೋದಾಮಿಂದು.
ಬಾಳಪ್ಪ ಅಂಗೈಯಾಗ ಹಿಡದು ಜೋಕಿ ನೋಡಿದ,
"ಸೂರ್ಯ ಮುಳಗದವರದು ಇದು" ಅಂದ,
ಒಗದ.
ಭಟ್ಟಿ ವಿಶೇಷ ಸಪ್ಪಳೇನೂ ಮಾಡಲಿಲ್ಲ.
ಹೊಲಿಗಿ ಮಷೀನಿನ ಕಾಲು, ಬಸ್ಸಿನ ಡ್ರಮ್ಮು
ಕರಗಿದಷ್ಟ ಹೊತ್ತಿನಾಗ ಅದೂ ಕರಗಿತು.

ಹನ್ನೊಂದರ ಚಹಾಕ್ಕ ಕ್ಯಾಂಟೀನಿನ ಟಿವಿಯಾಗ
ನಾಕು ಮಂದಿ ಕೋಟು ಹಾಕ್ಕೊಂಡು ಒದರಾಕತ್ತಿದ್ದರು:
ಮುಂದಿನ ಮಹಾಶಕ್ತಿ ನಾವ ಏನು? ಯಾವಾಗ? ಎಷ್ಟನೇ ನಂಬರು?
"ಆಗೇ ಆಗತೀವಿ" ಅಂದ ಬಾಳಪ್ಪ, ಬಿಸ್ಕೀಟು ಅದ್ದಿ.
"ಮೊದಲ ಬುಧವಾರದ ಕರೆಂಟು ಕೊಡಲಿ" ಅಂದ ಇರ್ಫಾನ್ ಬೇಪಾರಿ,
"ಶಕ್ತಿ ಆಮ್ಯಾಗ ನೋಡೋಣು."
ಬಿಸ್ಕೀಟು ಮುರದು ಕಪ್ಪಿನ ತಳ ಸೇರಿತು.
ಎಲ್ಲಾರೂ ನಕ್ಕರು, ಬಾಳಪ್ಪನೂ.
"ಅಕ್ಕಾ, ನೀ ಹೇಳು. ಪಾಸು ಫೇಲು ನಿನ್ನ ಕೈಯಾಗಿಂದು."

ನಾ ಏನ ಹೇಳ್ಲಿ.
ತುಂಬಿದ ಕೊಡ ತುಳಕೂದಿಲ್ಲ ಅಂತಿದ್ದಳು ನಮ್ಮಾಯಿ.
ಅಚ್ಚಿನ ಲೆಕ್ಕ ಬ್ಯಾರೆ.
ಒಂದು ಬಾಯಾಗ ಹೊಯ್ದ ರಸ ಇನ್ನೊಂದು ಬಾಯಾಗ ಏರಿ ಬರಬೇಕು,
ಬಂದರನ ಒಳಗ ತುಂಬೇತಿ ಅಂತ ನಂಬತೀವಿ.
ಆ ಏರಿದ್ದಕ್ಕ ರೈಸರ್ ಅಂತೀವಿ.
ಕೆಂಪಗ, ಚೆಂದಾಗಿ, ದೂರಿಂದ ಕಾಣೂ ಹಂಗ ನಿಂತಿರತೈತಿ.
ಅದು ಪಂಪಲ್ಲ.
ಪಂಪು ಕೆಳಗ ಕತ್ತಲದಾಗ ತಣದು ಕುಗ್ಗಾಕತ್ತಿರತೈತಿ.
ಕುಗ್ಗಿದಂಗೆಲ್ಲ, ಏರಿದ್ದು ಇಳದು ಬಂದು ಅದಕ್ಕ ಉಣಸಬೇಕು.
ಇಳೀಲಿಲ್ಲ ಅಂದರ ಒಳಗ ಟೊಳ್ಳು.
ಆರಿದ ಮ್ಯಾಲ ಏರಿದ್ದನ್ನ ಸುತ್ತಿಗಿಲೆ ಮುರದು
ತಿರುಗಿ ಭಟ್ಟಿಗೇ ಹಾಕತೀವಿ,
ಕಿರೀಟದ ಕಲ್ಲಿನ ಬಾಜೂಕ.

ಹೋದ ತಿಂಗಳ ಜರ್ಮನಿಯಿಂದ ಒಂದು ಫೋಟೋ ಬಂತು.
ನಮ್ಮದ ಪಂಪು. ಹೊರಗ ಕನ್ನಡಿ.
ಕೊರದ ಕಡೆ ಸಾಸವಿಕಾಳಿನಷ್ಟು ತೂತು,
ಸುತ್ತ ಕೆಂಪು ಗೆರಿ.
ಅರವತ್ನಾಕು ನಗ ವಾಪಸ್.
ತೂತಿನ ಮಗ್ಗಲದಾಗ ದೇಶದ ಹೆಸರು,
ಈಗ ಸರಳ, ಎಲ್ಲಾರಿಗೂ ಓದಾಕ ಬರೂ ಹಂಗ.
ಮಾಲಕರು ಬಿರಂಚಿನ್ನ ಬೈದರು.
ಆ ಪಾಳಿ ಮಾಲು ಪಾಸ್ ಮಾಡಿದಾಕಿ ನಾನು.
ಅವತ್ತ ನಾ ಬಾಯಿ ಬಿಡಲಿಲ್ಲ.

"ಆರಲಿ ತಡಿ" ಅಂದೆ ಬಾಳಪ್ಪಗ,
"ಬಿಸಿ ಇದ್ದಾಗ ಎಲ್ಲಾನೂ ಹೊಳೀತಾವ."
"ಇದೊಂದು ಉತ್ತರೇನಬೇ?"
ಕಪ್ಪು ತೊಳದಿಟ್ಟು ಎದ್ದೆ.

ಟೇಬಲ್ ಮ್ಯಾಗ ನಿನ್ನಿನ ಎರಕ ತಣ್ಣಗ ಕುಂತಾವ.
ಸಂತ್ಯಾಗ ಆಯಿ ಗಡಗಿ ಬಡದು ನೋಡತಿದ್ದಳು,
ಕಣ್ಣು ಮುಚ್ಚಿ,
ಮಾರಾಕಿ ಮಾತಿಗಿ ಕಿವಿಗೊಡದ.
ನಾನೂ ಸಣ್ಣ ಸುತ್ತಿಗಿ ಎತ್ತಿ
ಹೆಸರು ಉಬ್ಬಿದ ಜಾಗಾದ ಬಾಜೂಕ ಒಮ್ಮೆ ಬಡದೆ.
ಅಷ್ಟರಾಗ ಮೂರನೇ ಗೇಟಿನ್ಯಾಗ ಲೋಂಡಾ ಕಡೆ ಗಾಡಿ.
ಹಾರನ್ನು, ಗಾಲಿ, ಶೆಡ್ಡಿನ ತಗಡು ಎಲ್ಲಾ ಕೂಡಿ ಒದರಿ
ಠಣ್ ಅಂತೋ, ಥಪ್ ಅಂತೋ
ಗೊತ್ತಾಗಲಿಲ್ಲ.

ಬಿರಂಚಿ ಬಾಗಲದಾಗ ಕುಂಚ ಹಿಡದು ನಿಂತಾನ,
ನನ್ನ ಮುಖಾ ನೋಡಕೋತ.
ಇರು, ಅಂತ ಕೈ ಮಾಡಿದೆ.
ಗಾಡಿ ದಾಟಲಿ.
ಮತ್ತ ಬಡೀತೀನಿ.