ಒಂದೇ ಗೂಡಿನವು

ಕಟಪಾಡಿಯ ನನ್ನ ಗ್ರಂಥಾಲಯಕ್ಕೆ ಇಂಗ್ಲಿಷ್ ಪೇಪರು ಬರುವುದು ಒಂದೇ,
ಅದನ್ನು ಓದಿಸಿ ಕೇಳುವವರೂ ಒಬ್ಬರೇ.
ದೂಮಣ್ಣ ಕೋಟ್ಯಾನರಿಗೆ ಎಡಗಣ್ಣಲ್ಲಿ ಪೊರೆ,
ಬಲಗಣ್ಣು ಕೋಳಿಅಂಕದಲ್ಲಿ ಹೋದದ್ದು.
ಬಾಳು ಕಟ್ಟುವಾಗ ಹಕ್ಕಿ ಒದರಿತು ಅಷ್ಟೆ, ಎನ್ನುತ್ತಾರೆ
ಉದ್ಯಾವರದ ಬಸ್ಸು ತಪ್ಪಿತು ಎಂಬ ಹಾಗೆ.

ಹತ್ತೂಕಾಲಿಗೆ ಬಂದು, ಫ್ಯಾನಿನಡಿಗೆ ಕುರ್ಚಿ ಎಳೆದು,
"ಅಕ್ಕ, ಲಂಡನ್ನಿನಲ್ಲಿ ಎಷ್ಟು ಉಳಿದವು?"
ಸೋಮವಾರ ಆರು. ಬುಧವಾರ ಐದು.
ಸುತ್ತು ಸುತ್ತಿಗೂ ಸಂಸದರು ಮತ ಹಾಕಿ
ಕೊನೆಯವರನ್ನು ಮನೆಗೆ ಕಳಿಸುತ್ತಾರೆ, ಎಂದೆ.
"ಎಲ್ಲ ಒಂದೇ ಪಕ್ಷದವರಾ?"
ಒಂದೇ.
"ಒಂದೇ ಗೂಡಿನವನ್ನು ಯಾರಾದರೂ
ಒಂದೇ ಅಂಕಕ್ಕೆ ಬಿಡುವುದುಂಟಾ ಮಾರಾಯ್ತಿ!"

ಆಮೇಲೆ, "ಬಣ್ಣ ಹೇಳಿ."
ತಡವರಿಸಿದೆ. ಫೋಟೋದಲ್ಲಿ ಐದು ಮುಖ.
ಒಬ್ಬನ ಅಜ್ಜ ನಮ್ಮ ಕಡಲಿನಂಥದೇ ಯಾವುದೋ ಕಡಲು ದಾಟಿ ಹೋದವನು,
ಒಬ್ಬಾಕೆಯ ತಾಯಿ ನೈರೋಬಿಯಲ್ಲಿ ಹುಟ್ಟಿದವಳು,
ಉಳಿದ ಮೂವರು ಚಳಿಗೆ ಕೆನ್ನೆ ಕೆಂಪಾದವರು.
ಮಂಗಳೂರಿನ ಗುಡ್ಡದ ಬಂಗಲೆಗಳ ಬಾಗಿಲಲ್ಲಿ
ಇವರ ಮುತ್ತಜ್ಜಂದಿರೂ ಇದನ್ನೇ ಕೇಳುತ್ತಿದ್ದರು,
ಬಾಯಿ ತೆರೆಯದೆ.

ದೂಮಣ್ಣನದು ಬೇರೆ ಲೆಕ್ಕ.
ಬೊಳ್ಳೆಯಾ, ಕೆಮ್ಮೈರೆಯಾ, ಉರಿಯೆಯಾ, ಕಾವೆಯಾ?
ಕಿಸೆಯಿಂದ ಬಂದ ಕೋಳಿ ಪಂಚಾಂಗಕ್ಕೆ ನಾಲ್ಕು ಮಡಿಕೆ,
ಕಣ್ಣು ಕಾಣದಿದ್ದರೂ ಬೆರಳು ಸಾಲು ಹಿಡಿಯಿತು.
"ಗುರುವಾರ ಹೊತ್ತೇರುವಾಗ ಕಾವೆಗೆ ಗೆಲುವುಂಟು.
ಕಾವೆ ಯಾರು?"
ಸಾಲ ಇಳಿಸುತ್ತೇನೆಂದ ಬೂದು ಕೋಟಿನವನನ್ನು ಕಾವೆ ಮಾಡಿದೆ.
ತೆರಿಗೆ ಇಳಿಸುತ್ತೇನೆಂದವಳು ಕೆಮ್ಮೈರೆ.
ತಪ್ಪೆಂದು ಗೊತ್ತು. ಆದರೆ ಪೇಪರಿನವರ ಲೆಕ್ಕ
ಇದಕ್ಕಿಂತ ಎಷ್ಟು ಸರಿ?

ಪೇಪರಿನಲ್ಲಿ ಸಮೀಕ್ಷೆಯೂ ಇತ್ತು:
ಕೆಮ್ಮೈರೆ ಬಂದರೆ ಮುಂದಿನ ಚುನಾವಣೆಯಲ್ಲಿ ಪಕ್ಷ ಅರ್ಧ ಸೋಲುತ್ತದೆ,
ಕಾವೆ ಬಂದರೆ ಪೂರ್ತಿ.
"ಅದು ಹೊರಗಿನವರ ಕೂಗು.
ಪಂಥ ಕೂಗುವವನಿಗೆ ಗಂಟಲಿದ್ದರೆ ಸಾಕು,
ಕೋಳಿ ಬೇಕಂತ ಇಲ್ಲ."

ಇದೆಲ್ಲ ಸುರುವಾದದ್ದು ಹೇಗೆ ಎಂದು ಶುಕ್ರವಾರ ಕೇಳಿದರು.
ಓದಿದೆ: ಹಳೆಯ ನಾಯಕನನ್ನು ಇಳಿಸಲು
ಅವನ ಕಡೆಯವರೇ ಗುಟ್ಟಾಗಿ ಒಂದೊಂದು ಕಾಗದ ಬರೆದರು,
ಒಬ್ಬ ಮುದುಕ ಅವನ್ನೆಲ್ಲ ಡ್ರಾಯರಿನಲ್ಲಿಟ್ಟು ಎಣಿಸಿದ,
ಬರೆದವರು ಯಾರೆಂದು ಇಂದಿಗೂ ಯಾರಿಗೂ ತಿಳಿಯದು.

ಫ್ಯಾನು ಒಂದು ಕಡೆ ಕಟಕಟ ಅನ್ನುತ್ತಿತ್ತು.

"ನಮ್ಮ ಮೂರ್ತೆದಾರರ ಸೊಸೈಟಿಗೆ ಭಾವ ಅಧ್ಯಕ್ಷ, ಎಂಬತ್ತಾರರಲ್ಲಿ.
ಅವಿಶ್ವಾಸಕ್ಕೆ ಏಳು ಸಹಿ ಬೇಕಿತ್ತು.
ಆರು ಆಗಿತ್ತು."
ಪಂಚಾಂಗ ಮಡಿಸಿದರು, ಬಿಡಿಸಿದರು.
"ಮರುವರ್ಷದ ಎಲೆಕ್ಷನ್ನಿನಲ್ಲಿ ನಾವೂ ಹೋದೆವು, ಎಲ್ಲ, ಗುಡಿಸಿದ ಹಾಗೆ.
ಮಗಳ ಮದುವೆಗೆ ಭಾವ ಬಂದ. ಪಂಕ್ತಿಯಲ್ಲಿ ಕೂತ.
ಉಪ್ಪು ಬಡಿಸಲು ಬಗ್ಗಿದೆ,
ಎಲೆಗೆ ಅಂಗೈ ಅಡ್ಡ ಹಿಡಿದ."

ಆ ಮೇಲೆ ಎರಡು ವಾರ ಬರಲಿಲ್ಲ.
ನೇಜಾರಿನ ಕಡೆ ಪೊಲೀಸರು ಅಂಕಕ್ಕೆ ನುಗ್ಗಿ
ಹನ್ನೊಂದು ಕೋಳಿ, ಮೂರು ಬೈಕು ಹಿಡಿದದ್ದು ಕನ್ನಡ ಪೇಪರಿನಲ್ಲಿತ್ತು.
ಹೆಸರುಗಳಲ್ಲಿ ಹುಡುಕಿದೆ. ಇರಲಿಲ್ಲ.

ಮಂಗಳವಾರ ಬಂದರು, ಅದೇ ಕುರ್ಚಿ.
ಕೆಮ್ಮೈರೆ ಗೆದ್ದಳು, ಎಂದೆ.
ಕಪ್ಪು ಬಾಗಿಲಿನೆದುರು ಮರದ ಪೀಠ ತಂದಿಟ್ಟಿದ್ದಾರೆ,
ಜಿಟಿಜಿಟಿ ಮಳೆ, ಕೊಡೆ ಇಲ್ಲ, ನಗುತ್ತಿದ್ದಾಳೆ.
ಪಕ್ಷ ಒಂದಾಗಬೇಕು ಎಂದಳಂತೆ, ಮೂರು ಸಲ.
ಸೋತ ಕಾವೆ ಮೊದಲ ಸಾಲಿನಲ್ಲೇ ಚಪ್ಪಾಳೆ ತಟ್ಟಿದನಂತೆ.

ದೂಮಣ್ಣ ಪೇಪರು ಎಳೆದುಕೊಂಡು
ಫೋಟೋದ ಮೇಲೆ ಹೆಬ್ಬೆರಳು ಆಡಿಸಿದರು,
ರೆಕ್ಕೆಯಡಿಗೆ ಕೈ ಹಾಕಿ ಗಾಯ ತಡವುವ ಹಾಗೆ.
"ಮುಂದಿನ ಅಂಕ ಪಕ್ಕದ ಮನೆಯವರ ಕೋಳಿಯೊಟ್ಟಿಗೆ ಅಲ್ಲವಾ,
ಯಾವಾಗ?"
ಎರಡು ವರ್ಷಕ್ಕೆ.
"ಅಷ್ಟರವರೆಗೆ ಕಾಲಿನ ಬಾಳು ಬಿಚ್ಚಿದರಾ?
ಇವಳದ್ದು ಕೇಳಿದ್ದಲ್ಲ.
ಚಪ್ಪಾಳೆ ತಟ್ಟಿದನಲ್ಲ, ಅವನದ್ದು."

ಸುದ್ದಿಯನ್ನು ಮೇಲಿನಿಂದ ಇನ್ನೊಮ್ಮೆ ಓದಿದೆ.
ಅವರ ಹೆಬ್ಬೆರಳಿಗೆ ಶಾಯಿ ಹತ್ತಿತ್ತು.