ಇಷ್ಟೆತ್ತರದ ಮಂಚ

ಎಂಟನೆಯ ತಿಂಗಳಲ್ಲಿ ಬಂದ ಸೂಲಗಿತ್ತಿ
ಮೊದಲು ಮುಟ್ಟಿದ್ದು ನನ್ನ ಹೊಟ್ಟೆಯನ್ನಲ್ಲ;
ಟೇಪು ತೆಗೆದು ಮೆಟ್ಟಿಲು ಅಳೆದಳು.
ಹಾರ್ಲಿಂಗೆನ್ನಿನ ಹಳೆಮನೆಗಳ ಮೆಟ್ಟಿಲು ಏಣಿಗೆ ತಂಗಿ.
ತಿರುವಿನಲ್ಲಿ ಸ್ಟ್ರೆಚರ್ ಹಿಡಿಸದು,
ಅಂಥದೇನಾದರೂ ಆದರೆ ಕಿಟಕಿಯಿಂದಲೇ, ಎಂದಳು,
ನಾಳೆ ಗಾಳಿ ಇದೆಯಂತೆ ಅನ್ನುವಷ್ಟು ಸಲೀಸಾಗಿ.
ಆಮೇಲೆ ಮಂಚದ ಪಕ್ಕ ನಿಂತು
ತನ್ನ ಸೊಂಟ ತೋರಿಸಿದಳು:
ಇಷ್ಟೆತ್ತರ ಬೇಕು.
ನಿನಗಲ್ಲ, ನನ್ನ ಬೆನ್ನಿಗೆ.

ಬಿಯರ್ ಕ್ರೇಟು ಇಡೋಣ ಎಂದ ದೌವೆ,
ಖಾಲಿ ಮಾಡಿಕೊಡಲು ಗೆಳೆಯರಿದ್ದಾರೆ.
ಅಷ್ಟರಲ್ಲಿ ಎದುರುಮನೆಯ ಬೌಕ್ಯೆ
ಕೈಗಾಡಿ ತಳ್ಳಿಕೊಂಡು ಬಂದಳು,
ಅದರಲ್ಲಿ ನಾಲ್ಕು ಓಕ್ ದಿಮ್ಮಿ.
ಒಡೆದ ಹಡಗೊಂದರ ಪಕ್ಕೆಲುಬು ಕೊಯ್ದು
ಅವಳಜ್ಜ ಮಾಡಿದ್ದಂತೆ.
ಈ ಬೀದಿಯಲ್ಲಿ ಬಸುರಿಯಿಂದ ಬಸುರಿಗೆ
ಕೈಬದಲು ಹೋಗುತ್ತವೆ.

ಮಗುಚಿದರೆ ಅಡಿಯಲ್ಲಿ ಪೆನ್ಸಿಲ್ ಬರಹ:
ಹೆಸರು, ತಾರೀಖು. ಹೆಸರು, ತಾರೀಖು.
ಬ್ರೆಡ್ ಅಂಗಡಿಯ ದಪ್ಪ ಯೆಲ್ಲೆ ಇದ್ದಾನೆ ಇಲ್ಲಿ,
ನನಗೆ ಈಜು ಕಲಿಸಿದ ಫ್ರೌಕ್ಯೆ ಇದ್ದಾಳೆ.
ಮೂರನೆಯದರ ಮೂಲೆಯಲ್ಲಿ
ಒಂದು ತಾರೀಖು.
ಪಕ್ಕದಲ್ಲಿ ಹೆಸರಿಲ್ಲ.
ನಾನು ನೋಡುವುದನ್ನು ಬೌಕ್ಯೆ ನೋಡಿದಳು.
"ಅದು ಗೋಡೆ ಕಡೆಗಿರಲಿ" ಎಂದಷ್ಟೇ ಹೇಳಿ
ಮಂಚದ ಇನ್ನೊಂದು ತುದಿ ಹಿಡಿದಳು.

ಮಲಗಲು ಈಗ ಸ್ಟೂಲು ಹತ್ತಬೇಕು,
ಮೊದಲು ಹೊಟ್ಟೆ, ಅದರ ಹಿಂದೆ ನಾನು.
ಮೂರು ವರ್ಷ ಇದೇ ಕೋಣೆ, ಇದೇ ಮಗ್ಗುಲು,
ಕಿಟಕಿಯಲ್ಲಿ ಬರೀ ಆಕಾಶವಿತ್ತು.
ಈಗ ಕಡಲೊಡ್ಡು, ಅದರ ಮೇಲೆ ಮೇಯುವ ಕುರಿ,
ಕುರಿಯ ಕಾಲುಗಳ ನಡುವೆ
ಒಂದು ಗೆರೆ ಸಮುದ್ರ.
ಭಯವೇ, ಎಂದು ಎಲ್ಲರೂ ಕೇಳುತ್ತಾರೆ.
ಹೌದು. ಆದರೆ ನೋಟ ಚೆನ್ನಾಗಿದೆ.

ತೊಟ್ಟಿಲಿಗಿಡುವ ಬಿಸಿನೀರ ಸ್ಟೀಲ್ ಬಾಟಲಿಗೆ
ಅತ್ತೆ ಉಣ್ಣೆಯ ಅಂಗಿ ಹೆಣೆದು ಕಳಿಸಿದ್ದರು.
ಸೋರುತ್ತದೆಯೇ ಎಂದು ತಲೆಕೆಳಗು ಮಾಡಿ
ನಾಲ್ಕು ಸಲ ನೋಡಿದೆ.
ಒಂದು ರಾತ್ರಿ ದೌವೆಗೆ ಹೇಳದೆ
ಖಾಲಿ ತೊಟ್ಟಿಲಲ್ಲಿ ಅದನ್ನೇ ಮಲಗಿಸಿ ಹೊದಿಸಿದೆ.
ಬೆಳಗಿನವರೆಗೂ ಬೆಚ್ಚಗಿತ್ತು.

ಬೇನೆ ಬಂದದ್ದು ಮಂಗಳವಾರ, ಭರತ ಏರುವಾಗ.
ತರಗತಿಯಲ್ಲಿ ಕಲಿತ ಉಸಿರೆಲ್ಲ
ಮೂರನೆಯ ನೋವಿಗೇ ಮರೆತುಹೋಯಿತು.
ನಾನು ಬರೆದಿಟ್ಟ ಪಟ್ಟಿಯೊಂದಿತ್ತು:
ಮಂದ ಬೆಳಕು, ಮೆಲ್ಲಗೆ ಪಿಯಾನೊ, ಯಾರೂ ಕೂಗಬಾರದು.
ಕೂಗಿದವಳು ನಾನೇ.
ಅಷ್ಟು ಏರಿಸಿದ ಆ ಮಂಚ!
ಹೆತ್ತದ್ದು ನೆಲದ ಮೇಲೆ,
ಬಚ್ಚಲ ಬಾಗಿಲಲ್ಲಿ ಮೊಣಕಾಲೂರಿ,
ದೌವೆಯ ಮೊಣಕೈ ಕಚ್ಚಿ.
ಸೂಲಗಿತ್ತಿ ನಡು ಬಗ್ಗಿಸಿ
ಫ್ರಿಸಿಯನ್‌ನಲ್ಲಿ ದೇವರನ್ನೂ ನನ್ನನ್ನೂ ಸೇರಿಸಿ ಬೈಯುತ್ತಿದ್ದಳು,
ಬೈಗುಳದ ನಡುವೆಯೇ
ಜಾರಿ ಬಂತು,
ನೇರಳೆ ಬಣ್ಣದ ಒಂದು ಸಿಟ್ಟು.
ಅತ್ತಿತು. ಆಮೇಲೆ ಕೆಂಪಾಯಿತು.
ಇದು ನನ್ನದೇ, ಎಂದು ಕೇಳಿದೆನಂತೆ.
ನನಗೆ ನೆನಪಿಲ್ಲ.

ಎಂಟು ದಿನ ಬಾಣಂತನದ ದಾದಿ ಇದ್ದಳು,
ಎದೆಗೆ ಹಚ್ಚುವುದು, ತೇಗಿಸುವುದು, ಹೊಕ್ಕುಳ ಒರೆಸುವುದು,
ಅಳುವುದೂ: ಮೂರನೆಯ ದಿನ ಎಲ್ಲರೂ ಅಳುತ್ತಾರೆ, ಅಳು.
ನೋಡಲು ಬಂದವರಿಗೆಲ್ಲ ಬೆಣ್ಣೆ ಸವರಿದ ರಸ್ಕು,
ಮೇಲೆ ಸಕ್ಕರೆ ಮೆತ್ತಿದ ಸೋಂಪು.
ಕಚ್ಚಿದಾಗೆಲ್ಲ ಉದುರಿ
ಹಾಸಿಗೆ ತುಂಬ ಗುಲಾಬಿ ಕಾಳು.

ದಾದಿ ಹೋದ ಸಂಜೆ ಮಂಚ ಇಳಿಸಿದೆವು.
ಪೆನ್ಸಿಲ್ ಹಿಡಿದು ಬೌಕ್ಯೆ ಬಂದಳು.
ಇದರ ಮೇಲೆ ಹುಟ್ಟಲೇ ಇಲ್ಲವಲ್ಲ, ಎಂದೆ.
ದಿಮ್ಮಿಗೇನು ಗೊತ್ತು, ಎಂದಳು.
ಮೂರನೆಯದನ್ನು ತಾನೇ ಮಗುಚಿ
ಆ ಮೂಲೆಯ ಮೇಲೆ ಬೆರಳಿಟ್ಟಳು:
ಇಲ್ಲಿ ಬರಿ, ಒತ್ತಾಗಿ.
ಬರೆದೆ. ರಿನ್ಸ್ಕೆ, ಮತ್ತು ಆ ಮಂಗಳವಾರ.

ಕೈಗಾಡಿ ಬೀದಿ ತಿರುಗುವ ಸದ್ದು.
ಕಿಟಕಿಯಲ್ಲಿ ಮತ್ತೆ ಬರೀ ಆಕಾಶವಂತೆ,
ದೌವೆ ಹೇಳಿದ.
ನನಗೆ ನೋಡಲು ಪುರುಸೊತ್ತಿಲ್ಲ.