ಸಾಕಮ್ಮನ ಮೊಮ್ಮಗಳು ಸೂಜಿ ಕೇಳಿದ್ದು

ನಮ್ಮಜ್ಜಿಯ ಹೆಸರು ಸಾಕಮ್ಮ.
ಐದನೆಯದೂ ಹೆಣ್ಣಾದಾಗ ಅವಳಪ್ಪ
ಕೂಸಿನ ಕಿವಿಯಲ್ಲಿ ಉಸುರಿ
ಮೇಲಿನವನಿಗೆ ಹಾಕಿದ ಅರ್ಜಿ ಅದು.
ಮಂಜೂರಾಗಲಿಲ್ಲ; ಬೆನ್ನಿಗೇ ಇನ್ನೂ ಇಬ್ಬರು ಹುಟ್ಟಿದರು.
ಸಾಕಮ್ಮ ಅನ್ನಿಸಿಕೊಂಡೇ ಅಜ್ಜಿ ಒಂಬತ್ತು ಹೆತ್ತಳು,
ಉಳಿದ ಆರನ್ನು ಸಾಕಿದಳು.
ಆಗ ಊರಲ್ಲಿ ಸಿಗುತ್ತಿದ್ದ ಉಪಾಯ
ಹೆಸರಿಡುವುದೊಂದೇ.

ಕೊಪ್ಪದ ಆಸ್ಪತ್ರೆಯ ಬೆಂಚಿನ ಮೇಲೆ, ಗುರುವಾರ,
ಅರ್ಧ ದಿನದ ಹಾಜರಿ ಕಳಕೊಂಡು ಕೂತಿದ್ದೇನೆ.
ಎದುರು ಗೋಡೆಯಲ್ಲಿ ಗೆದ್ದಲು ಹಿಡಿದ ಪಟ:
ಮಾತ್ರೆ, ವಂಕಿ, ನಿರೋಧ್, ಸೂಜಿ, ಆಪರೇಷನ್ನು,
ಕೆಳಗೆ ದಪ್ಪಕ್ಷರದಲ್ಲಿ 'ಆಯ್ಕೆ ನಿಮ್ಮದು'.
ನಗುತ್ತಿದ್ದ ಗಂಡಹೆಂಡಿರ ಪೈಕಿ
ಗಂಡನ ಮುಖ ಮಾತ್ರ ಉಳಿದಿದೆ.

"ಸುಚಿತ್ರ, ಕೋಂ ತಮ್ಮೇಗೌಡ!"
"ಮೂರು ತಿಂಗಳ ಸೂಜಿ ಬೇಕಿತ್ತು ಸಿಸ್ಟರ್."
"ಬಂದಿಲ್ಲ ಕಣವ್ವ."
"ಹೋದ ತಿಂಗಳೂ ಬಂದಿರ್ಲಿಲ್ಲ."
"ಈ ತಿಂಗಳೂ ಬಂದಿಲ್ಲ.
ಎರಡಾಗವಲ್ಲ, ಆಪರೇಷನ್ ಮಾಡಿಸ್ಕೊಂಬುಡು,
ಒಂದ್ಸಲಕ್ಕೆ ಮುಗ್ದೋಯ್ತದೆ."

ಮದ್ದೂರಿನ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುವವಳು ನಾನು.
ದಿನವಿಡೀ ಸೂಜಿಯ ಮೊನೆಯಲ್ಲೇ ಕಣ್ಣು.
ಮುರಿದರೆ ಮರುನಿಮಿಷಕ್ಕೆ ಹೊಸದು ಬರುತ್ತದೆ,
ಹನ್ನೊಂದೋ ಹದಿನಾಲ್ಕೋ,
ನಂಬರು ನಾನೇ ಹೇಳಬೇಕು.

ವಂಕಿ ನನಗೆ ಗೊತ್ತು.
ಮೊದಲ ಹೆರಿಗೆಗೆ ಮಂಡ್ಯಕ್ಕೆ ಹೋದಾಗ
ಕೂಸಿನ ಮುಖ ತೋರಿಸುವ ಮುಂಚೆಯೇ ಹಾಕಿದ್ದರಂತೆ.
'ಅಂತೆ' ಅನ್ನುತ್ತೇನೆ, ಯಾಕೆಂದರೆ
ನನಗದು ತಿಳಿದದ್ದು ಏಳು ವಾರವಾದರೂ ರಕ್ತ ನಿಲ್ಲದಾಗ.
ತೆಗೀರಿ ಅಂದರೆ
"ಹತ್ತು ವರ್ಷ ಬಾಳಿಕೆ ಬರ್ತದೆ, ಸುಮ್ನಿರು" ಅಂದರು,
ಸ್ಟೀಲ್ ಕೊಡ ಮಾರುವವನ ಹಾಗೆ.
ಕೊನೆಗೆ ಮೈಸೂರಿನಲ್ಲಿ ಎಂಟು ನೂರು ತೆತ್ತು ತೆಗೆಸಿಕೊಂಡೆ.
ಮಾತ್ರೆ ಬಚ್ಚಿಡಲು ಆ ಮನೆಯಲ್ಲಿ
ಅತ್ತೆಯ ಕೈ ತಾಕದ ಗೂಡೊಂದಿಲ್ಲ.
ನಿರೋಧ್ ಅಂದರೆ ಇವನು ಗೋಡೆಗೆ ತಿರುಗಿ ಮಲಗುತ್ತಾನೆ;
ಅದೂ ಒಂದು ಉಪಾಯವೇ, ಎರಡು ರಾತ್ರಿಯ ಮಟ್ಟಿಗೆ.

ಸೂಜಿಯಾದರೆ ತೋಳಿಗೆ.
ರವಿಕೆ ತೋಳಿನೊಳಗೆ ಅಡಗುವ ಒಂದು ಚುಕ್ಕಿ.
ಮೂರು ತಿಂಗಳು
ನನ್ನ ಲೆಕ್ಕ ನನ್ನದು.

ಸಿಸ್ಟರ್ ಕೆಟ್ಟವರಲ್ಲ.
ಮಾರ್ಚಿ ಬಂತು, ಅವರ ಪುಸ್ತಕದಲ್ಲಿ
ಒಂದು ಕಾಲಂ ಇನ್ನೂ ತುಂಬಿಲ್ಲ, ಅಷ್ಟೆ.
"ಆಪರೇಷನ್ ಅಂದ್ರೆ ಭಯವೇನವ್ವ?"
ಭಯವಲ್ಲ. ನಮ್ಮವ್ವ ಮಾಡಿಸಿಕೊಂಡವಳೇ,
ಸ್ಕೂಲಿನ ಕೋಣೆಯಲ್ಲಿ, ಕರಿಹಲಗೆಯ ಕೆಳಗೆ
ಹದಿನೇಳು ಜನರ ಸಾಲಿನಲ್ಲಿ ಮಲಗಿ.
ಬರುವಾಗ ಒಂದು ಬಕೆಟ್ಟು ತಂದಳು, ಅದಿನ್ನೂ ಸೋರಿಲ್ಲ.
ಅವಳಿಗೆ ಸಾಕಾಗಿತ್ತು.
ನನಗೆ ಇಪ್ಪತ್ನಾಲ್ಕು.
ಸಾಕೂ ಅಲ್ಲ, ಬೇಕೂ ಅಲ್ಲ,
ನಾನು ಆಡಬೇಕಿರುವ ಮಾತು 'ತಡಿ' ಅಂತ.
ಅಜ್ಜಿಗೆ ಸಾಕು ಅನ್ನಲು ದಾರಿಯಿರಲಿಲ್ಲ,
ನನಗೆ ತಡಿ ಅನ್ನಲು ಸ್ಟಾಕಿಲ್ಲ.

"ಮುಂದಿನ ಗುರುವಾರ ಬಂದು ನೋಡು," ಅಂದರು,
ನನ್ನ ಫೋನ್ ನಂಬರನ್ನು ಅಂಗೈಯಲ್ಲಿ ಬರೆದುಕೊಂಡರು.
ಆ ಕೈಯನ್ನು ಅವರು
ಸಂಜೆಯೊಳಗೆ ಎಷ್ಟು ಸಲ ತೊಳೆಯುತ್ತಾರೋ.

ಫ್ಯಾಕ್ಟರಿ ವ್ಯಾನು ತಪ್ಪಿತ್ತು, ತವರಿಗೆ ಹೋದೆ.
ಬಿಸಿ ಮುದ್ದೆಯ ಮೇಲೆ ಹುರುಳಿ ಬಸ್ಸಾರು ಬಿಡುತ್ತಾ
ಅಜ್ಜಿ ಕೇಳಿದಳು, "ಸಾಕಾ?"
ನಾನು ಬೇಕೆಂದೇ ಸುಮ್ಮನಿದ್ದೆ.
ಸೌಟು ಅಲ್ಲೇ ನಿಂತಿತು, ಅರ್ಧ ಬಾಗಿ,
ತುದಿಯಲ್ಲೊಂದು ಹನಿ ತೂಗುತ್ತಾ,
ನನ್ನ ಮಾತಿಗೆ.